ಹಿಮನದಿಯ ಮೇಲೊಂದು ಹಾರಾಟ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಸಣ್ಣ ವಿಮಾನವೇರಿ ಹಿಮಪರ್ವತಗಳನ್ನು ಸುತ್ತಿಬರುವ ಪ್ರವಾಸಿಗಳು ಬಹಳ. 1955ರಲ್ಲಿ ಹ್ಯಾರಿ ವಿಗ್ಲಿ ಎಂಬವರು ಏರಿಸಿ ಇಳಿಸಬಹುದಾದ ಸ್ಕೀ ಹಲಗೆಗಳನ್ನು ತಮ್ಮ ಆಸ್ಟರ್ ವಿಮಾನಕ್ಕೆ ಜೋಡಿಸಿ ಟಾಸ್ಮನ್ ಹಿಮನದಿಯ ಮೇಲೆ ಇಳಿದರು. ನೆಲದಿಂದ ಚಕ್ರಗಳ ಮೇಲೆ ಏರುವುದು, ಹಿಮದಲ್ಲಿ ಹಲಗೆಗಳ ಮೇಲೆ ಇಳಿಯುವುದು, ಇಷ್ಟೇ ಉಪಾಯ. ಪರ್ವತಾರೋಹಿಗಳಿಗೆ ಮಾತ್ರ ದಕ್ಕುತ್ತಿದ್ದ ಎಡೆಯನ್ನು ಮುದುಕರೂ ಮಕ್ಕಳೂ ಮುಟ್ಟುವಂತಾಯಿತು. ರಾಮನು ಪುಷ್ಪಕದಿಂದ ಸೀತೆಗೆ ಭೂಮಿಯನ್ನು ತೋರಿಸುವ ರಘುವಂಶದ ಸರ್ಗವನ್ನು ಓದಿ ಸುಖಿಸಿದ ನಾನು ಈ ಆಸೆಯನ್ನು ಹೇಗೆ ಹಳಿಯಲಿ?

ಆದರೆ ಅದೇ ದ್ವೀಪದ ಪಶ್ಚಿಮದಲ್ಲಿರುವ ಫ್ರಾನ್ಜ್ ಜೋಸೆಫ್ ಹಿಮನದಿಯ ಸಂಗತಿ ಮನಸ್ಸನ್ನು ಕಲಕುತ್ತದೆ. ಮಾವೊರಿ ಜನರಿಗೆ ಅದು ಹಿನೆ ಹುಕಟೆರೆಯ ಕಣ್ಣೀರು. ಬೆಟ್ಟದಲ್ಲಿ ಮಡಿದ ಪ್ರಿಯನಿಗಾಗಿ ಅವಳು ಸುರಿಸಿದ್ದು ಹೆಪ್ಪುಗಟ್ಟಿತೆಂದು ಐತಿಹ್ಯ. ಕಣಿವೆಯಿಂದ ಮಾರ್ಗದರ್ಶಕರೊಡನೆ ನಡೆದು ಅದನ್ನು ಏರುವ ಪದ್ಧತಿ ಬಹುಕಾಲವಿತ್ತು. ಹಿಮವು ಕರಗಿ ಹಿಂದೆ ಸರಿದು, ತುದಿ ಅಪಾಯಕರವಾದುದರಿಂದ 2012ರಲ್ಲಿ ಅದು ನಿಂತಿತು. ಈಗ ಹೆಲಿಕಾಪ್ಟರೇ ಗತಿ. ಕಾಲಿನ ಬಲವುಳ್ಳವನಿಗೆ ಸಲ್ಲುತ್ತಿದ್ದುದು ಹಣವುಳ್ಳವನಿಗೆ ಸಲ್ಲುತ್ತದೆ! ಈ ಕೆಲವು ವಿಮಾನಗಳಿಂದಲೇ ಹಿಮ ಕರಗಿತೆನ್ನುವುದು ಅನ್ಯಾಯ. ಕಾದಿರುವುದು ಇಡೀ ಭೂಮಂಡಲ. ಆದರೂ ಅವುಗಳ ಹೊಗೆಯೂ ಅದೇ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಟಾಸ್ಮನ್ ಹಿಮನದಿಯ ಕೆಳತುದಿಯಲ್ಲಿ 1970ರ ದಶಕದಿಂದ ಈಚೆಗೆ ಬೆಳೆದ ಸರೋವರವು ಈಗ ಹಲವು ಕಿಲೋಮೀಟರುಗಳಷ್ಟು ಉದ್ದವಿದೆ. ಅಲ್ಲಿ ಹಾರುವ ಚಾಲಕರು ಶಿಖರಗಳ ಹೆಸರು ಹೇಳುವಾಗ ಆ ನೀರನ್ನೂ ತೋರಿಸಿ, ಹಿಂದೆ ಹಿಮ ಎಲ್ಲಿಯವರೆಗೆ ಹಬ್ಬಿತ್ತೆಂಬುದನ್ನು ಹೇಳಲೇಬೇಕೆಂದು ನನ್ನ ಅಭಿಪ್ರಾಯ.