ಗೋಧಿ ಬಣ್ಣದ ಲೆಕ್ಕ

ನನ್ನ ತಂಗಿಯ ಮಗಳು ಎಣ್ಣೆಗಪ್ಪು. ಇದನ್ನು ಹೇಳಲು ನನಗಾಗಲಿ ಅವಳಿಗಾಗಲಿ ಸಂಕೋಚವಿಲ್ಲ. ಸಂಕೋಚಪಟ್ಟವನು ಫೋಟೋ ಸ್ಟುಡಿಯೋದವನು. ವರನ ಕಡೆಯವರಿಗೆ ಕಳಿಸಲೆಂದು ತೆಗೆಸಿದ ಫೋಟೋ ಕೈಗೆ ಬಂದಾಗ, ಮೂಗುತಿಯ ಗುರುತು ಹಿಡಿದು ಇವಳು ನಮ್ಮವಳೇ ಎಂದುಕೊಳ್ಳಬೇಕಾಯಿತು. ಕೇಳಿದರೆ, "ಸ್ವಲ್ಪ ಬ್ರೈಟ್ ಮಾಡೀನ್ರಿ ಮೇಡಂ, ಎಲ್ಲಾರೂ ಕೇಳ್ತಾರ" ಎಂದ. ನಾವು ಕೇಳಿರಲಿಲ್ಲ. ಆ ಫೋಟೋ ಆಗಲೇ ಮೊಬೈಲಿನಲ್ಲಿ ಅವರಿಗೂ ಹೋಗಿತ್ತು. ಸುಲೇಪೇಟಕ್ಕೆ ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, "ಫೋಟೋದಾಗ ಬ್ಯಾರೆ ಕಂಡಿತ್ತಲ್ರಿ" ಎಂದು ಎದ್ದುಹೋದರು. ಸುಳ್ಳು ಹೇಳಿದ್ದು ಫೋಟೋ. ತಲೆ ತಗ್ಗಿಸಿ ಕೂತದ್ದು ಹುಡುಗಿ.

ನಾನು ಬಿ.ಎ., ಬಿ.ಎಡ್. ಮಾಡಿದವಳು, ಲೆಕ್ಕವೆಂದರೆ ನನಗೆ ಅಂಕಪಟ್ಟಿ ಕೂಡಿಸುವಷ್ಟೇ. ಆದರೂ ಈ 'ಬ್ರೈಟ್' ಏನೆಂದು ತಿಳಿಯಬೇಕೆನಿಸಿತು. ಕಲಬುರಗಿಯಲ್ಲಿ ಬಿ.ಸಿ.ಎ. ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ದೀಪಾವಳಿಗೆ ಬಂದಾಗ ಕೂರಿಸಿಕೊಂಡು ಕೇಳಿದೆ. ಗುರು ಶಿಷ್ಯೆಯಾಗುವುದರಲ್ಲೂ ಒಂದು ಸುಖವಿದೆ.

ಕಂಪ್ಯೂಟರಿನಲ್ಲಿ ಚಿತ್ರವೆಂದರೆ ರಂಗೋಲಿಯ ಹಾಗೆ ಚುಕ್ಕೆಗಳ ಸಾಲು. ಒಂದೊಂದು ಚುಕ್ಕೆಗೂ ಮೂರು ಅಂಕಿ: ಕೆಂಪು, ಹಸಿರು, ನೀಲಿ. ಪ್ರತಿಯೊಂದೂ 0ಯಿಂದ 255ರವರೆಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳುಪು; ನಡುವೆ ಎಲ್ಲ ಸೇರಿ 1,67,77,216 ಬಣ್ಣ. ಇದರಲ್ಲಿ ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ.

ಮುಖ ಬೆಳ್ಳಗೆ ಮಾಡುವುದೆಂದರೆ, ತೀರಾ ಸರಳ ದಾರಿಯಲ್ಲಿ, ಮೂರೂ ಅಂಕಿಗೆ ಒಂದಿಷ್ಟು ಕೂಡಿಸುವುದು. ಹುಡುಗಿ ಹಾಳೆಯ ಮೇಲೆ ಮಾಡಿ ತೋರಿಸಿದಳು. ಹಣೆಯ ಮೇಲೆ ಬೆಳಕು ಬಿದ್ದ ಒಂದು ಚುಕ್ಕೆ 215, 170, 140 ಎನ್ನಿ. 60 ಕೂಡಿಸಿದರೆ ಕೆಂಪು 275 ಆಗಬೇಕು. 255ರ ಮೇಲೆ ಜಾಗವಿಲ್ಲ, ಅಲ್ಲಿಗೇ ಕತ್ತರಿ ಬೀಳುತ್ತದೆ: 255, 230, 200. ತಪ್ಪಾಯಿತೆಂದು ಮತ್ತೆ 60 ಕಳೆದರೆ ಬರುವುದು 195, 170, 140. ಹೋದ 20 ಹೋಯಿತು. "ಮೊದಲಿನ ಫೋಟೋ ಇಟ್ಟಿರದಿದ್ರ ಆ ಮುಖ ವಾಪಸ್ ಬರಂಗಿಲ್ರಿ ಮೇಡಂ" ಎಂದಳು. ನಾನು ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ತಮಾಷೆ ಕೇಳಿ. ವೆಬ್ ಪುಟ ಬರೆಯುವವರು ಕೆಲವು ಬಣ್ಣಗಳನ್ನು ಅಂಕಿಯಿಲ್ಲದೆ ಹೆಸರು ಹಿಡಿದೇ ಕರೆಯಬಹುದು. ಅದರಲ್ಲಿ 'ವೀಟ್', ಅಂದರೆ ಗೋಧಿ, 245, 222, 179. ಪರದೆಯ ಮೇಲೆ ನೋಡಿದೆ. ಅದು ಗೋಧಿಯಲ್ಲ, ಜರಡಿ ಹಿಡಿದ ಹಿಟ್ಟು! ವಧೂವರರ ಜಾಹೀರಾತಿನಲ್ಲಿ ನಾವು ಬರೆಸುವ 'ಗೋಧಿ ಮೈಬಣ್ಣ'ದ ಎಷ್ಟು ಹುಡುಗಿಯರು ಆ ಹಿಟ್ಟಿನ ಬಣ್ಣಕ್ಕೆ ನಿಂತಾರು? ನಮ್ಮ ಶಾಲೆಯ ಮಕ್ಕಳೂ ಚಿತ್ರ ಬರೆಯುವಾಗ ನಸುಗೆಂಪು ಪೆನ್ಸಿಲಿಗೆ "ಸ್ಕಿನ್ ಕಲರ್ ಕೊಡ್ರಿ" ಎನ್ನುತ್ತಾರೆ. ಅಮೆರಿಕದ ಕ್ರಯೋಲಾ ಕಂಪನಿ ತನ್ನ ಬಣ್ಣದ ಕಡ್ಡಿಯೊಂದಕ್ಕಿದ್ದ 'ಫ್ಲೆಶ್' ಎಂಬ ಹೆಸರನ್ನು 1962ರಲ್ಲೇ 'ಪೀಚ್' ಎಂದು ಬದಲಿಸಿತು. ತೊಗರಿ ಹೊಲದಲ್ಲಿ ಬಿಸಿಲುಂಡ ಅವ್ವನ ಮುಖಕ್ಕೆ ಆ ಪೆನ್ಸಿಲ್ ತೀಡುವ ಮಗುವನ್ನು ನಾನು ಬಯ್ಯಲಾರೆ. ಬಯ್ಯಬೇಕಾದವರು ಅದರ ಮನೆಯಲ್ಲಿದ್ದಾರೆ.

ಫೋಟೋ ತಿದ್ದಲೇಬಾರದೇ ಎಂದು ನೀವು ಕೇಳಬಹುದು. ತಿದ್ದಲಿ. ಕಲ್ಯಾಣ ಮಂಟಪದ ಹಳದಿ ದೀಪದಲ್ಲಿ ಎಲ್ಲರೂ ಕಾಮಾಲೆಯವರಂತೆ ಕಂಡರೆ ಸರಿಪಡಿಸುವುದು ಅವರ ಕಸುಬು. ಪರೀಕ್ಷೆ ಸುಲಭ: ಮುಡಿದ ಮಲ್ಲಿಗೆ ನೋಡಿ. ಮಲ್ಲಿಗೆ ಬೆಳ್ಳಗೆ ಬಂದಿದ್ದರೆ ಬೆಳಕು ಸರಿಯಿದೆ, ಮುಖಕ್ಕೆ ಕೈ ಹಚ್ಚುವ ಕೆಲಸವಿಲ್ಲ. ನಮ್ಮ ಹುಡುಗಿಯ ಮಲ್ಲಿಗೆ ಮೊದಲೇ ಬೆಳ್ಳಗಿತ್ತು.

ಆದರೆ ಅಕ್ಕಂದಿರೇ, "ಎಲ್ಲಾರೂ ಕೇಳ್ತಾರ" ಎಂದನಲ್ಲ, ಆ ಎಲ್ಲಾರೂ ಯಾರು? ಮಗಳನ್ನು ಕೌಂಟರಿನ ಮುಂದೆ ನಿಲ್ಲಿಸಿಕೊಂಡು, ಅವಳಿಗೆ ಕೇಳುವಂತೆಯೇ "ಸ್ವಲ್ಪ ಬೆಳ್ಳಗ ಮಾಡ್ರಿ" ಎನ್ನುವವರು ಗಂಡಸರೇನಲ್ಲ. ಕಂಪನಿಯೇ 2020ರಲ್ಲಿ ತನ್ನ ಮುಲಾಮಿನ ಹೆಸರಿನಿಂದ 'ಫೇರ್' ಪದ ಕಿತ್ತುಹಾಕಿತು. ನಾವು ಕಿತ್ತಿಲ್ಲ.

ಕಳೆದ ತಿಂಗಳು ಹೊಸ ಫೋಟೋ ತೆಗೆಸಿದೆವು. ಈ ಸಲ ಅವನ ಕಂಪ್ಯೂಟರಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಪ್ರಿಂಟ್ ಹೊರಬರುವವರೆಗೂ ನಾನು ಕೂತಿದ್ದೆ.