ಲೆಕ್ಕ ಕೇಳುವವರೂ ಬೇಕು

ಮನೋವೈದ್ಯರ ಕೊರತೆಯ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತಾಗಿದೆ. ಲಕ್ಷ ಜನಕ್ಕೆ ಒಬ್ಬರೂ ಇಲ್ಲವೆಂಬುದು ಈಗ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಸುದ್ದಿಯೇ ಆಗದ ಇನ್ನೊಂದು ಕೊರತೆಯಿದೆ. ಯಾವ ತಾಲ್ಲೂಕಿನಲ್ಲಿ ಎಷ್ಟು ಜನ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದಾರೆ, ಅವರಲ್ಲಿ ಎಷ್ಟು ಮಂದಿ ಆಸ್ಪತ್ರೆಯ ಬಾಗಿಲಿಗೆ ಬಂದರು, ಬಂದವರು ಸುಧಾರಿಸಿದರೇ, ಸರ್ಕಾರದ ಯೋಜನೆ ನಿಜಕ್ಕೂ ಫಲ ಕೊಟ್ಟಿತೇ ಎಂದು ಶಾಸ್ತ್ರೀಯವಾಗಿ ಕೇಳಿ ಉತ್ತರ ಹುಡುಕಬಲ್ಲ ಸಂಶೋಧಕರ ಕೊರತೆ ಅದು. ವೈದ್ಯರನ್ನು ತಯಾರು ಮಾಡುವಷ್ಟೇ ಶ್ರದ್ಧೆಯಿಂದ ಇವರನ್ನೂ ತಯಾರು ಮಾಡಬೇಕು.

ಬಳ್ಳಾರಿಯನ್ನೇ ನೋಡಿ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಹಳ್ಳಿಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. ಅದೇ ‘ಬಳ್ಳಾರಿ ಮಾದರಿ’ಯಾಗಿ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಿಗೆ, ಆಮೇಲೆ ನೂರಾರು ಜಿಲ್ಲೆಗಳಿಗೆ ಹಬ್ಬಿತು. ಕನ್ನಡಿಗರು ಹೆಮ್ಮೆ ಪಡಬೇಕಾದ ಸಂಗತಿಯೇ. ಆದರೆ ಬಳ್ಳಾರಿಯ ಬೆನ್ನಿಗೆ ನಿಮ್ಹಾನ್ಸ್ ತಂಡವಿತ್ತು. ಅಂಥ ಆಸರೆಯಿಲ್ಲದ ಜಿಲ್ಲೆಯಲ್ಲಿ ಅದು ನಡೆಯುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರತಿ ಹಂತದಲ್ಲೂ ಕೇಳಬೇಕಿತ್ತು. ಹದಿಮೂರು ವರ್ಷದ ಬಳಿಕ, 2009ರ ಹೊತ್ತಿಗೆ, ಕೇಂದ್ರ ಸರ್ಕಾರ ದೊಡ್ಡದೊಂದು ಮೌಲ್ಯಮಾಪನ ಮಾಡಿಸಿದಾಗ ಆ ಕೆಲಸ ಹೋದದ್ದು ಮಾರುಕಟ್ಟೆ ಸಂಶೋಧನಾ ಸಂಸ್ಥೆಯೊಂದಕ್ಕೆ. ಆ ಸಂಸ್ಥೆಯನ್ನು ದೂರಿ ಫಲವಿಲ್ಲ. ಇಂಥ ಕೆಲಸಕ್ಕೆಂದೇ ಪಳಗಿದ ದೊಡ್ಡ ಬಳಗವನ್ನು ನಾವು ಬೆಳೆಸಿರಲಿಲ್ಲ.

ಪಳಗಿದ ಕಣ್ಣು ಏನನ್ನು ಕಾಣುತ್ತದೆ? ಹೊರರೋಗಿ ವಿಭಾಗದ ವರದಿಯಲ್ಲಿ ಎದ್ದು ಕಾಣುವುದು ಬಂದವರ ಸಂಖ್ಯೆ. ಒಬ್ಬರೇ ತಿಂಗಳಿಗೊಮ್ಮೆ ಬಂದರೆ ವರ್ಷದ ಕೊನೆಗೆ ಹನ್ನೆರಡು ಭೇಟಿ. ಆತ ಮತ್ತೆ ಹೊಲದ ಕೆಲಸಕ್ಕೆ ಮರಳಿದನೇ, ಮೂರನೇ ತಿಂಗಳಿಗೆ ಬರುವುದನ್ನು ಬಿಟ್ಟ ಹೆಣ್ಣುಮಗಳು ಎಲ್ಲಿ ಹೋದಳು ಎಂಬುದು ಆ ಅಂಕಿಯಲ್ಲಿ ಸಿಗುವುದಿಲ್ಲ. ತರಬೇತಾದ ಸಂಶೋಧಕ ಮೊದಲು ಹುಡುಕುವುದೇ ಬಾರದವರನ್ನು.

ಬಾರದವರೇ ಹೆಚ್ಚು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ 34,802 ವಯಸ್ಕರನ್ನು ಮಾತಾಡಿಸಿತು. ನೂರಕ್ಕೆ 10.6 ಮಂದಿಗೆ ಆ ಹೊತ್ತಿನಲ್ಲಿ ಮಾನಸಿಕ ಕಾಯಿಲೆಯಿತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಮೀಕ್ಷೆ ನಡೆಸಿದ್ದು ನಮ್ಮ ನಿಮ್ಹಾನ್ಸ್. ಆದರೂ ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಪರೀಕ್ಷೆಯಷ್ಟೇ ಆಯಿತು.

ಇಂಥ ಅಂಕಿಯೊಂದು ಹುಟ್ಟುವ ಜಾಗ ಮನೆಯ ಜಗಲಿ. ಪ್ರಶ್ನಾವಳಿ ಹಿಡಿದು ಬಂದ ತರುಣಿ, ಸಾಯಬೇಕೆಂದು ಅನ್ನಿಸಿತ್ತೇ ಎಂದು ಸೊಸೆಯನ್ನು ಕೇಳಬೇಕು. ಅತ್ತೆ ಒಳಗಿನಿಂದ ಕಿವಿಗೊಟ್ಟಿದ್ದಾಳೆ, ಮಗು ಅಳುತ್ತಿದೆ. ಎಲ್ಲಿ ಕೂತು ಕೇಳಬೇಕು, ಎಷ್ಟು ಹೊತ್ತು ಕಾಯಬೇಕು, ‘ಹೌದು’ ಎಂಬ ಉತ್ತರ ಬಂದರೆ ಆ ಕ್ಷಣಕ್ಕೆ ಯಾರಿಗೆ ಫೋನ್ ಮಾಡಬೇಕು? ಇದನ್ನು ಕಲಿಸದಿದ್ದರೆ ಸುಳ್ಳು ಅಂಕಿ ಬರುವುದಷ್ಟೇ ಅಲ್ಲ, ಒಂದು ಜೀವಕ್ಕೂ ಅಪಾಯ. ಸಂಖ್ಯಾಶಾಸ್ತ್ರ ಬಂದರೆ ಸಾಲದು, ಮನೋವಿಜ್ಞಾನ ಬಂದರೂ ಸಾಲದು. ಎರಡೂ ಒಂದೇ ತಲೆಯಲ್ಲಿರಬೇಕು. ಅದರ ಜೊತೆಗೆ ಬಜೆಟ್ ಓದಲು, ಕಾನೂನು ತಿಳಿಯಲು, ಜಿಲ್ಲಾಧಿಕಾರಿಗೆ ಅರ್ಥವಾಗುವಂತೆ ಎರಡು ಪುಟ ಬರೆಯಲು ಬರಬೇಕು.

ಇರುವ ಹಣವನ್ನು ಮಾತ್ರೆಗೆ, ವೈದ್ಯರಿಗೆ ಕೊಡುವುದು ಬಿಟ್ಟು ಸಂಶೋಧಕರಿಗೇಕೆ ಎಂದು ಕೇಳುವವರಿದ್ದಾರೆ. ರೋಗಿಯ ಕಷ್ಟ ಕಂಡವರ ಪ್ರಶ್ನೆ ಅದು, ತಳ್ಳಿಹಾಕಲಾಗದು. ಪಕ್ಕದ ಗೋವಾ ಇದಕ್ಕೆ ಉತ್ತರ ಕೊಟ್ಟಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ 24 ಚಿಕಿತ್ಸಾ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯರಿಗೆ ಆಪ್ತಸಲಹೆಯ ತರಬೇತಿ ಕೊಟ್ಟು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸರ್ಕಾರಿ ಕೇಂದ್ರಗಳಲ್ಲಿ ಖಿನ್ನತೆ, ಆತಂಕದಿಂದ ಚೇತರಿಸಿಕೊಂಡವರು ಹೆಚ್ಚಿದರು. ಖಾಸಗಿ ವೈದ್ಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಖರ್ಚಿನ ಈ ದಾರಿಯನ್ನು ಇಡೀ ಜಗತ್ತು ಗಮನಿಸಿತು. ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬ ಎರಡೂ ತಿಳಿದದ್ದು ಹೋಲಿಸಿ ನೋಡುವವರಿದ್ದುದರಿಂದ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೂ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ಇದ್ದವರನ್ನು ಊರಲ್ಲೇ ಗುರುತಿಸಿ ಬಹುಕಾಲ ಅವರ ಸ್ಥಿತಿಯನ್ನು ಗಮನಿಸುತ್ತ ಬಂದರು; ಚಿಕಿತ್ಸೆ ಪಡೆದವರ, ಪಡೆಯದವರ ಬದುಕಿನಲ್ಲಾಗುವ ಅಂತರ ಅಲ್ಲಿ ದಾಖಲಾಯಿತು. ಅಂಥ ಕೆಲಸ ಒಂದೆರಡು ವರ್ಷದ ಗುತ್ತಿಗೆ ನೌಕರರಿಂದ ಆಗುವುದಿಲ್ಲ. ಪ್ರಾಜೆಕ್ಟ್ ಮುಗಿದೊಡನೆ ಕಲಿತವರು ಬೇರೆ ಕೆಲಸ ಹುಡುಕಿಕೊಂಡು ಹೋದರೆ ಕಲಿತ ವಿದ್ಯೆಯೂ ಅವರೊಂದಿಗೆ ಹೋಗುತ್ತದೆ.

ಆದ್ದರಿಂದ ತರಬೇತಿ ಬೆಂಗಳೂರಿನ ಒಂದು ಕ್ಯಾಂಪಸ್ಸಿಗೆ ಸೀಮಿತವಾಗಬಾರದು. ಕಲಬುರಗಿ, ರಾಯಚೂರು, ಚಾಮರಾಜನಗರದಂಥ ಕಡೆ ಜಿಲ್ಲಾ ತಂಡದ ಜೊತೆಗೇ ಸಂಶೋಧಕರು ವರ್ಷಗಟ್ಟಲೆ ಇದ್ದು ಕಲಿಯಬೇಕು. ಕಾಯಿಲೆ ಅನುಭವಿಸಿದವರು, ಅವರನ್ನು ನೋಡಿಕೊಂಡವರು ಪಾಠ ಹೇಳುವವರ ಸಾಲಿನಲ್ಲಿರಬೇಕು. ಸೇವೆ ಎಲ್ಲಿ ಸೋರುತ್ತಿದೆಯೆಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಹತ್ತು ವರ್ಷದೊಳಗೆ ಮಾನಸಿಕ ಆರೋಗ್ಯ ವೃತ್ತಿಪರರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರಲು ಸರ್ಕಾರ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದರ ಪಟ್ಟಿಯಲ್ಲಿ ಮನೋವೈದ್ಯರಿದ್ದಾರೆ, ಮನೋವಿಜ್ಞಾನಿಗಳು, ದಾದಿಯರು, ಸಮಾಜ ಕಾರ್ಯಕರ್ತರಿದ್ದಾರೆ, ಸಂಶೋಧಕರಿಲ್ಲ. ಕಾಯ್ದೆ ಹೇಳಲಿಲ್ಲವೆಂದು ರಾಜ್ಯ ಕಾಯಬೇಕಿಲ್ಲ. ಜಿಲ್ಲೆಗೊಬ್ಬರಂತೆ ಕಾಯಂ ಹುದ್ದೆ ಸೃಷ್ಟಿಸಲಿ, ಆ ಹುದ್ದೆಗೆ ತಕ್ಕ ತರಬೇತಿಯನ್ನು ಈಗಿನಿಂದಲೇ ಶುರುಮಾಡಲಿ.