ಲೆಕ್ಕಕ್ಕೆ ಬಾರದ ವಿಷಯ - 6: ಟೀ ಡ್ರಮ್ಮಿನ ಮೂರನೇ ವೈರು

ಫೆಸ್ಟ್ ಸೀಸನ್ ಶುರುವಾಯ್ತು. ಫುಡ್ ಸ್ಟಾಲ್ ಸಾಲಲ್ಲಿ ಒಂದು ಟೀ-ಕಾಫಿ ಸ್ಟಾಲ್ ಇದ್ದೇ ಇರುತ್ತೆ. ಬಿಲ್ಡಿಂಗ್ ಒಳಗೆ ಗ್ಯಾಸ್ ಸಿಲಿಂಡರ್‌ಗೆ ಪರ್ಮಿಷನ್ ಸಿಗಲ್ಲ. ಆಗ ಗುಂಪಲ್ಲಿ ಯಾರೋ ಒಬ್ರು ಐಡಿಯಾ ಕೊಡ್ತಾರೆ: ಒಂದು ಸ್ಟೀಲ್ ಡ್ರಮ್ ತಗೊಳ್ಳೋಣ, ಕೆಳಗೆ ತೂತು ಕೊರೆಸಿ ಗೀಸರ್ ಎಲಿಮೆಂಟ್ ಕೂರಿಸೋಣ, ಒಂದು ನಲ್ಲಿ ಹಾಕ್ಸೋಣ, ಬಾಯ್ಲರ್ ರೆಡಿ. ಬಾಡಿಗೆ ದುಡ್ಡು ಉಳೀತು!

ಐಡಿಯಾ ಕೆಟ್ಟದ್ದಲ್ಲ. ಕೈಯಲ್ಲಿ ಏನಾದ್ರೂ ಮಾಡೋರು ನನಗೆ ಇಷ್ಟ. ನನ್ನ ತಕರಾರು ಡ್ರಮ್ಮಿನ ಮೇಲಲ್ಲ, ಅದರಿಂದ ಹೊರಗೆ ಬರೋ ವೈರಿನ ಮೇಲೆ. ಮೂರು ವೈರ್ ಇರಬೇಕಾದ ಕಡೆ ಎರಡೇ ಇರುತ್ತೆ. ಹಸಿರು ವೈರನ್ನ ಕಟ್ ಮಾಡಿ ಟೇಪ್ ಸುತ್ತಿರ್ತಾರೆ, ಇಲ್ಲಾ ಟೂ-ಪಿನ್ ಹಾಕಿರ್ತಾರೆ. ಕೇಳಿದ್ರೆ ಒಂದೇ ಉತ್ತರ: "ಎರಡರಲ್ಲೇ ನೀರು ಕಾಯ್ತಿದೆಯಲ್ಲ."

ಹೌದು, ಕಾಯುತ್ತೆ. ಸಮಸ್ಯೆ ಇರೋದೇ ಅಲ್ಲಿ. ಅರ್ಥ್ ವೈರ್ ಇಲ್ದಿದ್ರೂ ಟೀ ಅಷ್ಟೇ ಚೆನ್ನಾಗಿರುತ್ತೆ. ಅದು ಇಲ್ಲ ಅನ್ನೋದು ಗೊತ್ತಾಗೋದು ಎಲಿಮೆಂಟ್ ಕೆಟ್ಟ ದಿನ ಮಾತ್ರ.

ಎಲಿಮೆಂಟ್ ಒಳಗೆ ಏನಿದೆ ಅಂತ ನೋಡಿ. ಮಧ್ಯದಲ್ಲಿ ನೈಕ್ರೋಮ್ ಸುರುಳಿ, ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಅದರ ಹೊರಗೆ ಲೋಹದ ಕೊಳವೆ. ಆ ಪುಡಿನೇ ಕರೆಂಟನ್ನ ನೀರಿಂದ ದೂರ ಇಡೋದು. ಬೋರ್‌ವೆಲ್ ನೀರಿನ ಉಪ್ಪು ಕೂತು ಕೊಳವೆ ತೂತಾದ್ರೆ, ಇಲ್ಲಾ ನೀರು ಕಡಿಮೆಯಾಗಿ ಎಲಿಮೆಂಟ್ ಒಣಗಿ ಸುಟ್ಟು ಬಿರುಕು ಬಿಟ್ರೆ, ಪುಡಿ ಒದ್ದೆಯಾಗಿ ಕರೆಂಟ್ ಹೊರಗೆ ಬರುತ್ತೆ. ಡ್ರಮ್ಮಿನ ಮೈಯೆಲ್ಲಾ ಲೈವ್. ಡ್ರಮ್ ಕೂತಿರೋದು ಪ್ಲಾಸ್ಟಿಕ್ ಟೇಬಲ್ ಮೇಲೆ, ಹಾಗಾಗಿ ಕರೆಂಟಿಗೆ ನೆಲಕ್ಕೆ ಹೋಗೋಕೆ ದಾರಿ ಇಲ್ಲ. ಅದು ಕಾಯ್ತಾ ಇರುತ್ತೆ. ಚೆಲ್ಲಿದ ನೀರಲ್ಲಿ ಬರಿಗಾಲಲ್ಲಿ ನಿಂತು, ನಲ್ಲಿ ತಿರುಗಿಸಿ ಕಪ್ ತುಂಬ್ಸೋ ಹುಡುಗಿ ಬರೋವರೆಗೂ.

ಮೂರು ಪಿನ್ನಿನ ಪ್ಲಗ್ಗಲ್ಲಿ ಮೇಲಿನ ಪಿನ್ ಉದ್ದ ಯಾಕಿರುತ್ತೆ ಗೊತ್ತಾ? ಹಾಕುವಾಗ ಅರ್ಥ್ ಮೊದಲು ಸೇರಬೇಕು, ತೆಗೆಯುವಾಗ ಕೊನೇಲಿ ಬಿಡಬೇಕು ಅಂತ. ಅಷ್ಟು ಯೋಚನೆ ಮಾಡಿ ಇಟ್ಟ ಪಿನ್ನನ್ನ ನಾವು ಇಪ್ಪತ್ತು ರೂಪಾಯಿ ಕನ್ವರ್ಟರ್ ಹಾಕಿ ವೇಸ್ಟ್ ಮಾಡ್ತೀವಿ.

"ಎಂಸಿಬಿ ಇದೆ ಮಗಾ, ಏನಾದ್ರೂ ಆದ್ರೆ ಬೀಳುತ್ತೆ." ಇದು ಇನ್ನೊಂದು ಡೈಲಾಗ್. ಲೆಕ್ಕ ಹಾಕೋಣ, ನಾವು ಕಾಮರ್ಸ್ ಅಲ್ವಾ. ಪವರ್ ಸಾಕೆಟ್ಟಿನ ಎಂಸಿಬಿ ಸಾಮಾನ್ಯವಾಗಿ 16 ಆಂಪ್. ಅದು ದಾಟಿದ ಮೇಲಷ್ಟೇ ಅದು ತಲೆ ಕೆಡಿಸ್ಕೊಳ್ಳೋದು. ಎದೆ ಮೂಲಕ 50ರಿಂದ 100 ಮಿಲಿ ಆಂಪ್ ಹರಿದ್ರೆ ಮನುಷ್ಯನ ಹೃದಯದ ಲಯ ತಪ್ಪಬಹುದು. 100 ಮಿಲಿ ಆಂಪ್ ಅಂದ್ರೆ 0.1 ಆಂಪ್. ಎಂಸಿಬಿ ಕಣ್ಣಿಗೆ ಅದು ಒಂದು ಬಲ್ಬಿಗಿಂತ ದೊಡ್ಡ ವಿಷಯ ಅಲ್ಲ. ಎಂಸಿಬಿ ಇರೋದು ವೈರ್ ಸುಡದಿರಲಿ ಅಂತ. ನಿಮ್ಮನ್ನ ಕಾಯೋ ಕೆಲಸ ಅದಕ್ಕೆ ಯಾರೂ ಕೊಟ್ಟಿಲ್ಲ.

ಆ ಕೆಲಸ ಆರ್‌ಸಿಸಿಬಿದು. ಅದರ ತಲೆ ನಮ್ಮ ಟ್ಯಾಲಿ ತರಹ. ಫೇಸಲ್ಲಿ ಹೋದ ಕರೆಂಟ್, ನ್ಯೂಟ್ರಲ್ಲಲ್ಲಿ ವಾಪಸ್ ಬಂದ ಕರೆಂಟ್, ಎರಡೂ ಸಮ ಇರಬೇಕು. 30 ಮಿಲಿ ಆಂಪ್ ವ್ಯತ್ಯಾಸ ಬಂದ್ರೆ, ಆ ಹಣ ಬೇರೆ ಎಲ್ಲೋ ಹೋಗ್ತಿದೆ ಅಂತ ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಕಟ್ ಮಾಡುತ್ತೆ. ಇಲ್ಲೊಂದು ಸೂಕ್ಷ್ಮ ಇದೆ. ಅರ್ಥ್ ಸರಿ ಇದ್ರೆ ಡ್ರಮ್ ಲೀಕ್ ಆದ ಕೂಡಲೇ, ಯಾರೂ ಮುಟ್ಟೋ ಮೊದಲೇ ಟ್ರಿಪ್ ಆಗುತ್ತೆ. ಅರ್ಥ್ ಇಲ್ಲದಿದ್ರೆ ಟ್ರಿಪ್ ಆಗೋದು ಯಾರಾದ್ರೂ ಮುಟ್ಟಿದ ಮೇಲೆ, ಅಂದ್ರೆ ಆ ವ್ಯತ್ಯಾಸ ನೀವೇ ಆಗಿರ್ತೀರಾ. ಅದಕ್ಕೇ ಎರಡೂ ಬೇಕು ಅನ್ನೋದು. ಮತ್ತೆ, ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದ್ರೆ ಆರ್‌ಸಿಸಿಬಿಗೂ ಏನೂ ಗೊತ್ತಾಗಲ್ಲ, ಲೆಕ್ಕ ಟ್ಯಾಲಿ ಆಗಿಬಿಡುತ್ತೆ.

ಹೊರದೇಶಗಳಲ್ಲಿ ಮನೇಲೇ ಬಿಯರ್ ಮಾಡೋ ಹವ್ಯಾಸಿಗಳು ಇದೇ ತರಹ ಪಾತ್ರೆಗೆ ಎಲಿಮೆಂಟ್ ಕೂರಿಸ್ತಾರೆ. ಅಮೆರಿಕದಲ್ಲಿ ಇದೇ ಕೆಲಸ ಮಾಡೋ ಜಿಎಫ್‌ಸಿಐ ಸುಮಾರು 5 ಮಿಲಿ ಆಂಪಿಗೇ ಕಟ್ ಆಗುತ್ತೆ. ನಾವು 30ಕ್ಕೂ ಗತಿ ಇಲ್ಲದೆ ಟೀ ಮಾರ್ತಿದ್ದೀವಿ.

ಎಕ್ಸ್‌ಟೆನ್ಷನ್ ಬೋರ್ಡ್ ಬಗ್ಗೆ ಚುಟುಕಾಗಿ ಹೇಳ್ತೀನಿ. 2000 ವ್ಯಾಟ್ ಎಲಿಮೆಂಟನ್ನ 230 ವೋಲ್ಟಿಂದ ಭಾಗಿಸಿದ್ರೆ 8.7 ಆಂಪ್. ಮಾಮೂಲಿ ಬೋರ್ಡಿನ ಹಿಂದೆ 6 ಆಂಪ್ ಅಂತ ಬರೆದಿರುತ್ತೆ. ಅದಕ್ಕೇ ಸ್ಪೀಕರೂ ಸೇರಿಸ್ತೀವಿ. 20 ಲೀಟರ್ ನೀರನ್ನ 25 ಡಿಗ್ರಿಯಿಂದ ಕುದಿಸೋಕೆ ಅದು 50 ನಿಮಿಷಕ್ಕೂ ಜಾಸ್ತಿ ಉರಿಯುತ್ತೆ. ಅಷ್ಟು ಹೊತ್ತಲ್ಲಿ ಪ್ಲಗ್ ಮುಟ್ಟಿ ನೋಡಿದ್ರೆ ಮಿಕ್ಕಿದ್ದು ತಾನೇ ಅರ್ಥ ಆಗುತ್ತೆ.

ಹಾಸ್ಟೆಲ್, ಪಿಜಿಯವರೇ, ನೀವು ನಗಬೇಡಿ. ಬಕೆಟ್ಟಿಗೆ ಹಾಕೋ ರಾಡ್ ಕೂಡ ಇದೇ ಜಾತಿ. "ಪ್ಲಾಸ್ಟಿಕ್ ಬಕೆಟ್, ಏನೂ ಆಗಲ್ಲ" ಅಂತೀರಾ. ಪ್ಲಾಸ್ಟಿಕ್ ಬಕೆಟ್ಟಿಗೆ ಶಾಕ್ ಹೊಡೆಯಲ್ಲ, ಒಪ್ಪಿದೆ. ಒಳಗಿರೋ ನೀರಿಗೆ ಕೈ ಹಾಕೋದು ನೀವು. ಟೂ-ಪಿನ್ ಇದ್ರೆ ಅದನ್ನ ಉಲ್ಟಾನೂ ಹಾಕಬಹುದು. ಆಗ ರಾಡಿನ ಮೇಲಿನ ಸ್ವಿಚ್ ಕಟ್ ಮಾಡೋದು ನ್ಯೂಟ್ರಲ್, ಫೇಸ್ ಹಾಗೇ ಉಳಿಯುತ್ತೆ. ನೀರು ಬಿಸಿ ಆಯ್ತಾ ಅಂತ ನೋಡೋಕೆ ಮೊದಲು ಪ್ಲಗ್ ಕೀಳಿ, ಸ್ವಿಚ್ ಆಫ್ ಸಾಕಾಗಲ್ಲ.

ಬ್ಲೇಡ್ ಹೀಟರ್ ಅಂತ ಒಂದಿದೆಯಲ್ಲ, ರಾತ್ರಿ ಮ್ಯಾಗಿಗೂ ಟೀಗೂ ಅಂತ ಸೀನಿಯರ್ಸ್ ಹೆಮ್ಮೆಯಿಂದ ತೋರಿಸೋದು, ರೀಲ್ಸಲ್ಲೂ ಬರೋದು. ಅದನ್ನ ಜುಗಾಡ್ ಅಂತ ಹೊಗಳೋರ ಜೊತೆ ನಾನು ಜಗಳಕ್ಕೆ ರೆಡಿ. ಅದರಲ್ಲಿ ಕರೆಂಟನ್ನ ನೀರಿಂದ ದೂರ ಇಡೋದು ಯಾವುದೂ ಇಲ್ಲ. ನೀರಲ್ಲೇ ಕರೆಂಟ್ ಹರಿದು ನೀರು ಬಿಸಿಯಾಗೋದು. ಅದನ್ನ ಸೇಫಾಗಿ ಮಾಡೋ ವಿಧಾನ ಅಂತ ಒಂದಿಲ್ಲ, ಕೇಳಬೇಡಿ.

ಪಿಜಿ ಓನರ್‌ಗಳಿಗೂ ಒಂದು ಮಾತು. ಗೋಡೆ ಮೇಲೆ "ರಾಡ್ ನಿಷೇಧ, ದಂಡ 500" ಅಂತ ಅಂಟಿಸ್ತೀರಾ. ಬಿಸಿನೀರು ಬೆಳಗ್ಗೆ ಆರೂವರೆಗೇ ಖಾಲಿ. ಹುಡುಗ್ರು ಕದ್ದು ರಾಡ್ ಹಾಕ್ತಾರೆ, ಕದ್ದು ಹಾಕೋದ್ರಿಂದ ಬಾಗಿಲು ಮುಚ್ಚಿ ಹಾಕ್ತಾರೆ, ಏನಾದ್ರೂ ಆದ್ರೆ ಹೊರಗಿನವರಿಗೆ ಗೊತ್ತೂ ಆಗಲ್ಲ. ಬೋರ್ಡ್ ಅಂಟಿಸೋ ಬದಲು ಆ ಫ್ಲೋರಿಗೆ ಒಂದು ಆರ್‌ಸಿಸಿಬಿ ಹಾಕ್ಸಿ. ಅಂಗಡಿಯಲ್ಲಿ ಕೇಳಿದೆ, ಬ್ರಾಂಡ್ ನೋಡಿ ಒಂದೂವರೆಯಿಂದ ಎರಡೂವರೆ ಸಾವಿರ. ಐದು ಜನರ ದಂಡದಲ್ಲಿ ಬರುತ್ತೆ.

ಈಗ ನಮ್ಮ ಫೆಸ್ಟ್ ಕಮಿಟಿಗಳ ವಿಷಯ. ಬಜೆಟ್ ಶೀಟ್ ಬರೆಯೋದು ಬಿಕಾಂನವರೇ, ಆದ್ದರಿಂದ ಇದು ನಮ್ಮ ಮೇಲೇ ಬರುತ್ತೆ. ಫ್ಲೆಕ್ಸ್, ಡಿಜೆ, ಟೀ-ಶರ್ಟ್, ಗೆಸ್ಟಿಗೆ ಶಾಲು, ಎಲ್ಲಕ್ಕೂ ಒಂದೊಂದು ಸಾಲಿದೆ. ಎಲೆಕ್ಟ್ರಿಷಿಯನ್‌ಗೆ ಇಲ್ಲ. ಡ್ರಮ್ ಮಾಡೋರು ಮಾಡ್ಲಿ, ಆದ್ರೆ ವೈರಿಂಗ್ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಮಾಡ್ಲಿ. ಡ್ರಮ್ಮಿನ ಮೈಗೇ ಬೋಲ್ಟ್ ಹಾಕಿ ಅರ್ಥ್ ಕೊಡ್ಲಿ, ಸಾಕೆಟ್ಟಲ್ಲಿ ಅರ್ಥ್ ನಿಜವಾಗ್ಲೂ ಇದೆಯಾ ಚೆಕ್ ಮಾಡ್ಲಿ (ತುಂಬಾ ಹಳೇ ಬಿಲ್ಡಿಂಗಲ್ಲಿ ಮೂರನೇ ತೂತು ಬರೀ ತೂತು), 16 ಆಂಪ್ ಪ್ಲಗ್ ಹಾಕ್ಲಿ, ಮುಂದೆ ಒಂದು 30 ಮಿಲಿ ಆಂಪ್ ಆರ್‌ಸಿಸಿಬಿ ಕೂರಿಸ್ಲಿ. ಎಂಜಿನಿಯರಿಂಗ್ ಫ್ರೆಂಡ್ ಟೆಂಪರೇಚರ್ ಕಂಟ್ರೋಲರ್ ಮಾಡಿಕೊಟ್ರೆ ಥ್ಯಾಂಕ್ಸ್ ಹೇಳಿ, ಆದ್ರೆ ಅದನ್ನೇ ಸ್ವಿಚ್ ಅಂತ ನಂಬಬೇಡಿ. ಅದರೊಳಗಿನ ಸಾಲಿಡ್ ಸ್ಟೇಟ್ ರಿಲೇ ಕೆಟ್ಟಾಗ ಹೆಚ್ಚಾಗಿ ಆನ್ ಆಗೇ ಉಳಿಯುತ್ತೆ. ಇಷ್ಟಕ್ಕೆ ಡಬ್ಬದಲ್ಲಿ ದುಡ್ಡಿಲ್ಲ ಅಂದ್ರೆ ಆ ವರ್ಷ ಫ್ಲಾಸ್ಕಲ್ಲಿ ಟೀ ತಂದು ಮಾರಿ. ಲಾಭ ಎರಡು ರೂಪಾಯಿ ಕಮ್ಮಿ, ಅಷ್ಟೇ.

ಯಾರಿಗಾದ್ರೂ ಶಾಕ್ ಹೊಡೆದ್ರೆ ಅವರನ್ನ ಹಿಡಿದು ಎಳೆಯಬೇಡಿ. ಮೊದಲು ಮೇನ್ ಆಫ್, ಆಮೇಲೆ ಮುಟ್ಟೋದು, 108ಕ್ಕೆ ಫೋನ್.

ಇವತ್ತಿನ ಹೋಮ್‌ವರ್ಕ್: ನಿಮ್ಮ ಮನೆ ಅಥವಾ ಪಿಜಿಯ ಎಂಸಿಬಿ ಬಾಕ್ಸ್ ತೆಗೆದು ನೋಡಿ. 'ಟಿ' ಅಂತ ಬರೆದ ಪುಟ್ಟ ಬಟನ್ ಇರೋ ಸ್ವಿಚ್ ಇದೆಯಾ? ಇದ್ರೆ ಮನೆಯವರಿಗೆ ಹೇಳಿ, ಕಂಪ್ಯೂಟರ್ ಆಫ್ ಮಾಡಿ, ಬಟನ್ ಒತ್ತಿ. ಟಪ್ ಅಂತ ಬೀಳಬೇಕು. ಬಿತ್ತಾ, ಬೀಳಲಿಲ್ವಾ, ಬಟನ್ನೇ ಇಲ್ವಾ? ಕಾಮೆಂಟಲ್ಲಿ ಹಾಕಿ, ಮುಂದಿನ ಪೋಸ್ಟಲ್ಲಿ ಎಣಿಸಿ ಹೇಳ್ತೀನಿ.